ಗಿರಿಗಿಟ್ಲೆಯೂ ನಿಶ್ವಾಸವೂ

ಗಾಬರಿಗೊಂಡ ಮಗುವಿಗೆ ‘ನಿಧಾನವಾಗಿ ಉಸಿರಾಡು’ ಎಂದರೆ ಪ್ರಯೋಜನವಿಲ್ಲ. ಉಸಿರು ಕಣ್ಣಿಗೆ ಕಾಣುವ ವಸ್ತುವಲ್ಲ. ಅದನ್ನು ಕಾಣಿಸಲು ಕಾಗದದ ಗಿರಿಗಿಟ್ಲೆಯೊಂದು ಸಾಕು. 15 ಸೆಂಟಿಮೀಟರ್ ಚೌಕದ ಕಾಗದವನ್ನು ನಾಲ್ಕು ಮೂಲೆಗಳಿಂದ ಕೇಂದ್ರದತ್ತ ಕತ್ತರಿಸುತ್ತ ಬಂದು, 2 ಸೆಂಟಿಮೀಟರ್ ಉಳಿದಿರುವಾಗ ನಿಲ್ಲಿಸಬೇಕು. ಉಂಟಾದ ಎಂಟು ತುದಿಗಳಲ್ಲಿ ಒಂದು ಬಿಟ್ಟು ಒಂದನ್ನು ಕೇಂದ್ರಕ್ಕೆ ಬಾಗಿಸಿ, ಗುಂಡುಸೂಜಿಯಿಂದ ಕಡ್ಡಿಗೆ ಸಡಿಲವಾಗಿ ಚುಚ್ಚಿದರಾಯಿತು. ಚುಚ್ಚುವ ಕೆಲಸ ಹಿರಿಯರದು.

ಮಗು ಮೊದಲು ರಭಸದಿಂದ ಊದುತ್ತದೆ. ಚಕ್ರ ಗಿರ್ರನೆ ಸುತ್ತಿ ನಿಂತುಬಿಡುತ್ತದೆ. ‘ನಿಲ್ಲದಂತೆ ಮೆಲ್ಲನೆ ತಿರುಗಿಸು’ ಎಂದು ಹೇಳಿ ನೋಡಿರಿ. ತುಟಿಗಳ ನಡುವಣ ಕಂಡಿ ಕಿರಿದಾಗಿ, ನಿಶ್ವಾಸವು ತಾನಾಗಿ ದೀರ್ಘವಾಗುತ್ತದೆ. ಗಮನವೂ ಚಕ್ರದಲ್ಲಿ ನೆಡುತ್ತದೆ.

ನಿಶ್ವಾಸಕ್ಕೇಕೆ ಇಷ್ಟು ಮಹತ್ವ? ಉಸಿರನ್ನು ಒಳಗೆಳೆದಾಗ ನಾಡಿ ತುಸು ಚುರುಕಾಗುತ್ತದೆ, ಹೊರಬಿಟ್ಟಾಗ ನಿಧಾನವಾಗುತ್ತದೆ. ಜರ್ಮನಿಯ ಶರೀರಶಾಸ್ತ್ರಜ್ಞ ಕಾರ್ಲ್ ಲುಡ್ವಿಗ್ ಇದನ್ನು 1847ರಲ್ಲಿ ನಾಯಿಗಳಲ್ಲಿ ದಾಖಲಿಸಿದನು. ಹೃದಯಕ್ಕೆ ಕಡಿವಾಣದಂತಿರುವ ವೇಗಸ್ ನರದ ಹಿಡಿತವು ಉಚ್ಛ್ವಾಸದಲ್ಲಿ ಸಡಿಲಗೊಂಡು ನಿಶ್ವಾಸದಲ್ಲಿ ಮರಳುವುದೇ ಇದಕ್ಕೆ ಮುಖ್ಯ ಕಾರಣ. ವಾಚಕರು ಮಣಿಕಟ್ಟಿನ ಮೇಲೆ ಬೆರಳಿಟ್ಟು ಪರೀಕ್ಷಿಸಬಹುದು. ಎಳೆಯರಲ್ಲಿ ಈ ವ್ಯತ್ಯಾಸ ಹೆಚ್ಚು ಸ್ಪಷ್ಟ.

ಆದರೆ ಪಂದ್ಯ ಕಟ್ಟಿ ಜೋರಾಗಿ ಊದಿಸಬಾರದು. ರಕ್ತದಲ್ಲಿ ಇಂಗಾಲಾಮ್ಲ ವಾಯು ಇಳಿದರೆ ಮಿದುಳಿನ ರಕ್ತನಾಳಗಳು ಸಂಕೋಚಗೊಂಡು ತಲೆ ಸುತ್ತುತ್ತದೆ. ನಾಲ್ಕೈದು ಉಸಿರುಗಳಾದ ಮೇಲೆ ಚಕ್ರವನ್ನು ಕೆಳಗಿಡಿಸಬೇಕು. ಇದನ್ನು ಕಲಿಸುವ ಸಮಯ, ಮಗು ಬಿಕ್ಕುವ ಹೊತ್ತಲ್ಲ; ಆಡಿ ನಗುವ ಹೊತ್ತು.