ಮಾವನವರ ನಂಬರ್ ಬಿಡದೆ ಕಂಪನಿ ಬದಲಿಸಬಹುದೇ?

ಪ್ರಶ್ನೆ: ಮುಂಬಯಿಯ ಪವಾಯಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಚಾಂದಿವಲಿ ಕಡೆ ನಮ್ಮದೊಂದು ಸಣ್ಣ ಹೋಟೆಲ್ ಇದೆ. ಮಾವನವರು ಶುರು ಮಾಡಿದ್ದು, ಅವರು ತೀರಿಕೊಂಡ ಮೇಲೆ ಯಜಮಾನರು ನಡೆಸುತ್ತಿದ್ದಾರೆ. ಪಾರ್ಸೆಲ್ ಆರ್ಡರ್, ತರಕಾರಿಯವನ ಫೋನ್, ಗಿರಾಕಿಗಳು ಕೊಡುವ ಹಣದ ಮೆಸೇಜು ಎಲ್ಲ ಬರುವುದು ಮಾವನವರ ಕಾಲದ ಒಂದೇ ನಂಬರಿಗೆ. ಬೋರ್ಡಿನ ಮೇಲೂ ಅದೇ ಇದೆ. ಸುಮಾರು ಒಂದು ವರ್ಷದಿಂದ ಗಲ್ಲೆಯ ಹತ್ತಿರ ರೇಂಜ್ ನಿಲ್ಲುವುದಿಲ್ಲ, ಒಳಗೆ ಅಡುಗೆಮನೆಗೆ ಹೋದರೆ ಕೇಳುವುದೇ ಬೇಡ. ನನ್ನ ಫೋನೂ ಅದೇ ಕಂಪನಿಯದು. ಕಳೆದ ತಿಂಗಳು ಕುಂದಾಪುರದ ಮೇಲಿನ ಹಳ್ಳಿಯಲ್ಲಿರುವ ಅಮ್ಮ ರಾತ್ರಿ ಎರಡು ಸಲ ಫೋನ್ ಮಾಡಿದ್ದರಂತೆ, ನನಗೆ ಬರಲೇ ಇಲ್ಲ. ಅವರು ಅಂಗಳದಲ್ಲಿ ಜಾರಿ ಬಿದ್ದ ಸುದ್ದಿ ತಿಳಿದದ್ದು ಮರುದಿನ, ಪಕ್ಕದ ಮನೆಯವರಿಂದ. ದೇವರ ದಯೆ, ಏನೂ ಆಗಲಿಲ್ಲ. ಆದರೆ ಅಂದಿನಿಂದ ನನಗೆ ಸಮಾಧಾನವಿಲ್ಲ. ಕಾಲೇಜಿಗೆ ಹೋಗುವ ಮಗ "ಎಲ್ಲರದ್ದೂ ಒಟ್ಟಿಗೆ ಒಂದೇ ಕಂಪನಿಗೆ ಪೋರ್ಟ್ ಮಾಡಿಸೋಣ, ಅಜ್ಜಿಯದ್ದೂ ಸೇರಿಸಿ" ಎನ್ನುತ್ತಾನೆ. ಯಜಮಾನರು "ಅಪ್ಪಯ್ಯನ ನಂಬರ್ ಮುಟ್ಟಬೇಡಿ, ಹೋದರೆ ವ್ಯಾಪಾರ ಹೋದಂತೆ" ಎನ್ನುತ್ತಾರೆ. ಸಿಮ್ ಇನ್ನೂ ಮಾವನವರ ಹೆಸರಿನಲ್ಲೇ ಇದೆ. ಏನು ಮಾಡಲಿ?
— ಹೆಸರು ಬೇಡ, ಪವಾಯಿ

ಉತ್ತರ: ಮೊದಲಿಗೆ ಆ ರಾತ್ರಿಯ ಮಾತು. ಅಮ್ಮನ ಫೋನ್ ನಿಮಗೆ ಬಾರದೆ ಹೋದದ್ದು ನಿಮ್ಮ ತಪ್ಪಲ್ಲ. ಕಂಪನಿ ಬದಲಿಸುವ ವಿಚಾರ ವಾರಗಟ್ಟಲೆ ಹಿಡಿಯುತ್ತದೆ, ಅಮ್ಮನ ವಿಚಾರ ಅಷ್ಟು ದಿನ ಕಾಯುವಂಥದ್ದಲ್ಲ. ಹಾಗಾಗಿ ಇವತ್ತೇ ಒಂದು ಕೆಲಸ ಮಾಡಿ. ಬೇರೆ ಬೇರೆ ಕಂಪನಿಯ ಎರಡು ನಂಬರುಗಳನ್ನು, ನಿಮ್ಮದೊಂದು ಮತ್ತು ಮನೆಯಲ್ಲಿ ಬೇರೆ ಕಂಪನಿಯ ಸಿಮ್ ಇರುವ ಇನ್ನೊಬ್ಬರದ್ದು, ದೊಡ್ಡ ಅಕ್ಷರದಲ್ಲಿ ಬರೆದು ಅಮ್ಮನ ಗೋಡೆಗೆ ಅಂಟಿಸಲು ಪಕ್ಕದ ಮನೆಯವರಿಗೆ ಹೇಳಿ. ಅವರ ಬಳಿಯೂ ಆ ಎರಡು ನಂಬರ್ ಇರಲಿ. ಮನೆಯವರೆಲ್ಲ ಒಂದೇ ಕಂಪನಿಯಲ್ಲಿದ್ದರೆ ಆ ಕಂಪನಿಯ ಟವರ್ ಕೈಕೊಟ್ಟ ದಿನ ಎಲ್ಲರ ಫೋನೂ ಒಟ್ಟಿಗೆ ಸತ್ತು ಮಲಗುತ್ತದೆ. ಮಗನ ಸಲಹೆಗೆ ನಾನು ಒಪ್ಪದಿರಲು ಇದೇ ಮೊದಲ ಕಾರಣ.

ಎರಡನೆಯ ಕಾರಣ ಅಮ್ಮನ ಫೋನು. ಹಳ್ಳಿಯಲ್ಲಿ ಹಿರಿಯರ ಕೈಯಲ್ಲಿರುವ ಬಟನ್ ಫೋನುಗಳಲ್ಲಿ ಹಲವು ಬರೀ 2ಜಿಯವು. ಜಿಯೋದಂಥ ಕಂಪನಿಗೆ 2ಜಿ ಜಾಲವೇ ಇಲ್ಲ, ಅದರ ಸಿಮ್ ಆ ಹಳೆಯ ಫೋನಿನಲ್ಲಿ ನಡೆಯುವುದಿಲ್ಲ. ಅಮ್ಮನ ಮನೆಯಲ್ಲಿ ಯಾವ ಕಂಪನಿಯ ರೇಂಜ್ ಸಿಗುತ್ತದೆ ಎನ್ನುವುದನ್ನು ಮುಂಬಯಿಯಲ್ಲಿ ಕೂತು ತೀರ್ಮಾನಿಸಲೂ ಆಗದು. ಘಟ್ಟದ ಬುಡದಲ್ಲಿ ಒಂದು ಗುಡ್ಡ ಅಡ್ಡ ಬಂದರೆ ಸಾಕು, ರಸ್ತೆಯಲ್ಲಿ ಸಿಕ್ಕ ಸಿಗ್ನಲ್ ಮನೆಯೊಳಗೆ ಇರುವುದಿಲ್ಲ. ಅಲ್ಲಿ ಈಗ ನಡೆಯುತ್ತಿರುವ ಸಿಮ್ಮೇ ಅವರಿಗೆ ಒಳ್ಳೆಯದು. ಖರ್ಚಿನ ಮಾತಾದರೆ, ಡೇಟಾ ಬೇಡದವರಿಗೆ ಬರೀ ಮಾತು ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕ್ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಅಮ್ಮನಿಗೆ ರೀಚಾರ್ಜ್ ಮಾಡಿಸುವಾಗ ಅದನ್ನೇ ಕೇಳಿ ಮಾಡಿಸಿ.

ಇನ್ನು ಹೋಟೆಲಿನ ನಂಬರು. ಯಜಮಾನರಿಗೆ ಧೈರ್ಯ ಹೇಳಿ: ಪೋರ್ಟ್ ಮಾಡಿಸಿದರೆ ನಂಬರ್ ಬದಲಾಗುವುದಿಲ್ಲ, ಬದಲಾಗುವುದು ಸಿಮ್ ಮತ್ತು ಕಂಪನಿ ಮಾತ್ರ. ಈ ಸೌಲಭ್ಯ 2011ರ ಜನವರಿ 20ರಿಂದ ದೇಶದ ಎಲ್ಲೆಡೆ ಇದೆ. 2015ರ ಜುಲೈ 3ರಿಂದ ಕರ್ನಾಟಕದ ನಂಬರನ್ನು ಮುಂಬಯಿಗೆ, ಮುಂಬಯಿಯದ್ದನ್ನು ಕರ್ನಾಟಕಕ್ಕೆ ಒಯ್ಯಲೂ ಬರುತ್ತದೆ. ಬೋರ್ಡು, ಬ್ಯಾಂಕು, ಆಧಾರ್ ಯಾವುದರಲ್ಲೂ ನಂಬರ್ ತಿದ್ದಿಸಬೇಕಾಗಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ನನಗೆ ಗಾಬರಿ ಹುಟ್ಟಿಸಿದ್ದು ರೇಂಜಿನ ಮಾತಲ್ಲ, ಕೊನೆಯಲ್ಲಿ ಬರೆದ ಒಂದು ಸಾಲು. ಸಿಮ್ ಇನ್ನೂ ತೀರಿಹೋದವರ ಹೆಸರಿನಲ್ಲಿದೆ ಎಂದಿದ್ದೀರಿ. ನಾಳೆ ಆ ಫೋನು ಲೋಕಲ್ ರೈಲಿನಲ್ಲಿ ಕಳೆದುಹೋಯಿತು ಎಂದುಕೊಳ್ಳಿ. ಡೂಪ್ಲಿಕೇಟ್ ಸಿಮ್ ಕೊಡುವುದು ದಾಖಲೆಯಲ್ಲಿ ಹೆಸರಿರುವವರಿಗೆ. ಅವರನ್ನು ಎಲ್ಲಿಂದ ಕರೆತರುತ್ತೀರಿ? ನಂಬರ್ ಕಳೆದುಕೊಳ್ಳುವ ಭಯ ಯಜಮಾನರಿಗೆ ಇದ್ದರೆ ಅವರು ಹೆದರಬೇಕಾದದ್ದು ಇದಕ್ಕೆ. ಮಾವನವರ ಮರಣ ಪ್ರಮಾಣಪತ್ರ, ಅವರ ಜೊತೆಗಿನ ಸಂಬಂಧ ತೋರಿಸುವ ದಾಖಲೆ, ಯಜಮಾನರ ಆಧಾರ್ ಹಿಡಿದುಕೊಂಡು ಈಗಿನ ಕಂಪನಿಯ ಸ್ವಂತ ಶೋರೂಮಿಗೆ ಹೋಗಿ, ಹೆಸರು ಬದಲಾಯಿಸಲು ಅರ್ಜಿ ಕೊಡಿ. ಗಲ್ಲಿಯ ರೀಚಾರ್ಜ್ ಅಂಗಡಿಯಲ್ಲಿ ಮುಗಿಯುವ ಕೆಲಸ ಇದಲ್ಲ. ಕಂಪನಿ ಬದಲಿಸಿದರೂ ಬಿಟ್ಟರೂ ಇದನ್ನಂತೂ ಮಾಡಲೇಬೇಕು. ಹೆಸರು ಬದಲಾವಣೆ ನಡೆಯುತ್ತಿರುವಾಗ ಪೋರ್ಟಿಗೆ ಅವಕಾಶವಿಲ್ಲ, ಆದ್ದರಿಂದ ಮೊದಲು ಇದು ಮುಗಿಯಲಿ.

ಆ ಅರ್ಜಿ ನಡೆಯುತ್ತಿರುವಷ್ಟು ದಿನ ಸುಮ್ಮನೆ ಕೂರಬೇಕಾಗಿಲ್ಲ, ಪರೀಕ್ಷೆ ಮಾಡಿ. ಪವಾಯಿಯ ಒಂದು ಬದಿ ಕೆರೆ, ಸುತ್ತ ಗುಡ್ಡ, ನಡುವೆ ಹೀರಾನಂದಾನಿ ಬಡಾವಣೆಯ ಎತ್ತರದ ಕಟ್ಟಡಗಳು, ಅವುಗಳ ಮಗ್ಗುಲಲ್ಲೇ ಒತ್ತೊತ್ತಾಗಿ ಚಾಳುಗಳು. ಹೀಗಿರುವಾಗ ಒಂದೇ ರಸ್ತೆಯ ಎರಡು ಕಟ್ಟಡಗಳಲ್ಲಿ ಒಂದೇ ಕಂಪನಿಯ ಸಿಗ್ನಲ್ ಒಂದೇ ತರಹ ಇರುವುದಿಲ್ಲ. 5ಜಿಗೆ ಹೆಚ್ಚಾಗಿ ಬಳಸುವ 3300 ಮೆಗಾಹರ್ಟ್ಸ್ ಸುತ್ತಿನ ತರಂಗ ಕಾಂಕ್ರೀಟ್ ಗೋಡೆ ದಾಟುವಾಗ ಬೇಗ ಸೋಲುತ್ತದೆ, 900ರ ಸುತ್ತಿನದು ಹೆಚ್ಚು ಒಳಗೆ ಬರುತ್ತದೆ. ತೀರ ಮೇಲಿನ ಮಹಡಿಗಳ ಕಷ್ಟ ಬೇರೆ. ಅಲ್ಲಿ ಹಲವು ಟವರುಗಳ ಸಿಗ್ನಲ್ ಒಟ್ಟಿಗೆ ತಾಗಿ, ಕಡ್ಡಿಗಳು ತುಂಬ ಇದ್ದರೂ ಮಾತು ಕಡಿಯುತ್ತದೆ. ಹಾಗಾಗಿ ಕಂಪನಿಯ ಜಾಹೀರಾತಾಗಲಿ, ಪಕ್ಕದ ಬಿಲ್ಡಿಂಗಿನವರ ಹೊಗಳಿಕೆಯಾಗಲಿ ನಿಮ್ಮ ಗಲ್ಲೆಗೆ ಸಾಕ್ಷಿಯಲ್ಲ. ಎಲ್ಲ ಕಂಪನಿಗಳೂ ತಮ್ಮ ವೆಬ್‌ಸೈಟಿನಲ್ಲಿ ಸಿಗ್ನಲ್ ನಕ್ಷೆ ಹಾಕಬೇಕೆಂದು ಟ್ರಾಯ್ ನಿಯಮವಿದೆ. ಮಗನಿಗೆ ಅದನ್ನು ನೋಡಲು ಹೇಳಿ, ಆದರೆ ಅದು ಹೊರಗಿನ ಚಿತ್ರ, ಅಡುಗೆಮನೆಯದ್ದಲ್ಲ ಎನ್ನುವುದು ನೆನಪಿರಲಿ.

ಪರೀಕ್ಷೆಗೆ ಹೆಚ್ಚು ಖರ್ಚಿಲ್ಲ. ನಿಮಗೆ ಮನಸ್ಸಿರುವ ಕಂಪನಿಯ ಹೊಸ ಪ್ರೀಪೇಯ್ಡ್ ಸಿಮ್ ಒಂದನ್ನು ಯಜಮಾನರ ಹೆಸರಿನಲ್ಲಿ ಒಂದು ತಿಂಗಳ ಮಟ್ಟಿಗೆ ತೆಗೆದುಕೊಳ್ಳಿ. ಎರಡು ಸಿಮ್ ಹಿಡಿಯುವ ಫೋನಾದರೆ ಎರಡನೆಯ ಜಾಗದಲ್ಲಿ ಹಾಕಿ. ಗಲ್ಲೆಯಲ್ಲಿ, ಅಡುಗೆಮನೆಯಲ್ಲಿ, ಮನೆಯ ಬೆಡ್‌ರೂಮಿನಲ್ಲಿ, ಬೆಳಗಿನ ತಿಂಡಿಯ ಹೊತ್ತು ಮತ್ತು ರಾತ್ರಿ ಎಂಟರಿಂದ ಹತ್ತರ ನಡುವೆ ಆ ನಂಬರಿಗೆ ಫೋನ್ ಮಾಡಿಸಿ ನೋಡಿ. ಹೋಟೆಲಿಗೆ ಬರುವ ಕರೆ ಮುಖ್ಯವಾದ್ದರಿಂದ ಡೇಟಾ ವೇಗಕ್ಕಿಂತ ಹೊರಗಿನಿಂದ ಬರುವ ಕರೆ ತಾಗುತ್ತದೆಯೇ ಎನ್ನುವುದನ್ನೇ ನೋಡಬೇಕು. ಆ ತಿಂಗಳಲ್ಲಿ ಊರಿಗೆ ಹೋಗುವುದಿದ್ದರೆ ಅಮ್ಮನ ಮನೆಯಲ್ಲೂ ನೋಡಿ ಬನ್ನಿ.

ಅದರ ಜೊತೆಗೆ ಇನ್ನೆರಡು. ಹೋಟೆಲಿನಲ್ಲೋ ಮನೆಯಲ್ಲೋ ವೈಫೈ ಇದ್ದರೆ ಫೋನಿನ ಸೆಟ್ಟಿಂಗಿನಲ್ಲಿ ವೈಫೈ ಕಾಲಿಂಗ್ ಇದೆಯೇ ನೋಡಿ, ಆನ್ ಮಾಡಿ. ಟವರ್ ಸಿಗದಿದ್ದರೂ ಮಾಮೂಲಿ ಕರೆ ವೈಫೈ ಮೂಲಕ ಬರುತ್ತದೆ. ಎಷ್ಟೋ ಮನೆಗಳ ತೊಂದರೆ ಇಷ್ಟರಲ್ಲೇ ತೀರುತ್ತದೆ. ಈಗಿನ ಕಂಪನಿಗೆ 198ಕ್ಕೆ ಫೋನ್ ಮಾಡಿ ದೂರು ಬರೆಸಿ, ದೂರಿನ ನಂಬರ್ ಇಟ್ಟುಕೊಳ್ಳಿ. ಉತ್ತರ ಸರಿ ಬರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವ ಹಕ್ಕು ನಿಮಗಿದೆ.

ದುಡ್ಡಿನ ವಿಚಾರಕ್ಕೆ ಮಾತ್ರ ಕಂಪನಿ ಬಿಡುವುದಾದರೆ ನಾನು ಬೇಡ ಎನ್ನುತ್ತೇನೆ. 2024ರ ಜುಲೈ ಮೊದಲ ವಾರದಲ್ಲಿ ಮೂರೂ ಖಾಸಗಿ ಕಂಪನಿಗಳು ಒಂದರ ಹಿಂದೊಂದು ದರ ಏರಿಸಿದವು. ಒಬ್ಬರು ಏರಿಸಿದರೆ ಉಳಿದವರೂ ಏರಿಸುತ್ತಾರೆ. ಇಂದಿನ ಐವತ್ತು ರೂಪಾಯಿ ಉಳಿತಾಯ ಆರು ತಿಂಗಳು ನಿಲ್ಲುತ್ತದೆ ಎಂಬ ಖಾತರಿ ಇಲ್ಲ. ಗಿರಾಕಿಯ ಒಂದು ಕರೆ ತಪ್ಪಿದರೆ ಅಷ್ಟು ಹಣ ಆ ಹೊತ್ತಿಗೇ ಹೋಗುತ್ತದೆ.

ಪರೀಕ್ಷೆಯಲ್ಲಿ ಹೊಸ ಕಂಪನಿಯೇ ಗೆದ್ದರೆ, ಹೆಸರು ಬದಲಾದ ಮೇಲೆ ಧೈರ್ಯವಾಗಿ ಪೋರ್ಟ್ ಮಾಡಿಸಿ. ಇಂಗ್ಲಿಷಿನ ದೊಡ್ಡಕ್ಷರದಲ್ಲಿ 'ಪೋರ್ಟ್' ಎಂದು ಬರೆದು, ಒಂದು ಜಾಗ ಬಿಟ್ಟು, ಹತ್ತಂಕಿಯ ನಂಬರ್ ಸೇರಿಸಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಬೇಕು. ಎಲ್ಲ ಸರಿ ಇದ್ದರೆ ಎಂಟಕ್ಷರದ ಕೋಡ್ ಬರುತ್ತದೆ, ಮುಂಬಯಿಯಲ್ಲಿ ಅದಕ್ಕೆ ನಾಲ್ಕು ದಿನದ ಆಯುಸ್ಸು. ಹೊಸ ಕಂಪನಿಯ ಅಂಗಡಿಗೆ ಯಜಮಾನರೇ ಹೋಗಿ, ಆ ಕೋಡ್ ಮತ್ತು ಆಧಾರ್ ಕೊಟ್ಟು ಹೊಸ ಸಿಮ್ ತರಬೇಕು. ಮುಂಬಯಿ ವಲಯದೊಳಗೆ ಮೂರು ಕೆಲಸದ ದಿನಗಳಲ್ಲಿ ಮುಗಿಯಬೇಕೆಂಬುದು ನಿಯಮ. ಹಳೆಯ ಸಿಮ್ ನಿಂತು ಹೊಸದು ಚಾಲೂ ಆಗುವ ನಡುವೆ ಕೆಲವು ಗಂಟೆ ಫೋನ್ ಇರುವುದಿಲ್ಲ. ಒಟಿಪಿ ಬರಲು ಇನ್ನೂ ಒಂದು ದಿನ ತಡವಾದರೂ ತೊಂದರೆಯಾಗದ ಹಾಗೆ ಬ್ಯಾಂಕಿನ ಕೆಲಸ ಮೊದಲೇ ಮುಗಿಸಿಕೊಳ್ಳಿ. ಗಣೇಶೋತ್ಸವ, ದೀಪಾವಳಿಯ ಗದ್ದಲದಲ್ಲಿ, ಊರಿನ ರೈಲು ಹತ್ತುವ ವಾರದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಕೋಡ್ ಬಾರದಿದ್ದರೆ ಕಾರಣ ಹೆಚ್ಚಾಗಿ ಇವುಗಳಲ್ಲಿ ಒಂದಿರುತ್ತದೆ: ಪೋಸ್ಟ್‌ಪೇಯ್ಡ್ ಬಿಲ್ ಬಾಕಿ ಇದೆ, ಹೆಸರು ಬದಲಾವಣೆ ಮುಗಿದಿಲ್ಲ, ಈ ಕಂಪನಿಯಲ್ಲಿ 90 ದಿನ ಆಗಿಲ್ಲ, ಇಲ್ಲವೇ ಕಳೆದ ಅಥವಾ ಕೆಟ್ಟ ಸಿಮ್ ಬದಲಿಸಿ ಏಳು ದಿನ ಕಳೆದಿಲ್ಲ. ಕೊನೆಯ ಈ ನಿಯಮ 2024ರ ಜುಲೈ 1ರಿಂದ ಬಂದದ್ದು, ಮೋಸದಿಂದ ಇನ್ನೊಬ್ಬರ ಸಿಮ್ ತೆಗೆದು ನಂಬರ್ ಹಾರಿಸುವವರನ್ನು ತಡೆಯಲು. ಪ್ರೀಪೇಯ್ಡ್ ಆದರೆ ಉಳಿದ ಬ್ಯಾಲೆನ್ಸ್, ಪ್ಯಾಕ್ ಎಲ್ಲ ಹೋಗುತ್ತದೆ, ಆದ್ದರಿಂದ ವ್ಯಾಲಿಡಿಟಿ ಮುಗಿಯಲು ಬಂದಾಗ ಮಾಡಿಸಿ. ಒಮ್ಮೆ ಹೋದ ಮೇಲೆ ಹೊಸ ಕಂಪನಿಯಲ್ಲೂ 90 ದಿನ ಇರಲೇಬೇಕು. ಪರೀಕ್ಷೆ ಮಾಡದೆ ಜಿಗಿದರೆ ಮೂರು ತಿಂಗಳು ಸಿಕ್ಕಿಬಿದ್ದ ಹಾಗೆ.

ಒಂದು ಎಚ್ಚರಿಕೆ. ಆ ಎಂಟಕ್ಷರದ ಕೋಡನ್ನು ಫೋನಿನಲ್ಲಿ ಕೇಳಿದ ಯಾರಿಗೂ ಹೇಳಬೇಡಿ. "ನಿಮ್ಮ ಸಿಮ್ ಇವತ್ತೇ ಬಂದ್ ಆಗುತ್ತದೆ, ನಾವು ಟ್ರಾಯಿನಿಂದ" ಎನ್ನುವವರು ಮೋಸಗಾರರು, ಗ್ರಾಹಕರ ಸಿಮ್ ಬಂದ್ ಮಾಡುತ್ತೇವೆಂದು ಟ್ರಾಯ್ ಯಾರಿಗೂ ಫೋನ್ ಮಾಡುವುದಿಲ್ಲ. ಗಲ್ಲೆಯಲ್ಲಿ ಫೋನ್ ಎತ್ತುವ ಹುಡುಗನಿಗೂ ಇದನ್ನು ಹೇಳಿಕೊಡಿ.

ನನ್ನ ತೀರ್ಮಾನ ಹೀಗಿದೆ. ಹೋಟೆಲಿನ ನಂಬರನ್ನು ಈ ವಾರವೇ ಯಜಮಾನರ ಹೆಸರಿಗೆ ಹಾಕಿಸುವ ಕೆಲಸ ಶುರು ಮಾಡಿ. ಒಂದು ತಿಂಗಳು ಹೊಸ ಸಿಮ್ ಪರೀಕ್ಷೆ ಮಾಡಿ, ಗಲ್ಲೆಯಲ್ಲಿ ಕರೆ ಚೆನ್ನಾಗಿ ತಾಗಿದರೆ ಪೋರ್ಟ್ ಮಾಡಿಸಿ, ಇಲ್ಲದಿದ್ದರೆ ಇದ್ದಲ್ಲೇ ಇದ್ದು ವೈಫೈ ಕಾಲಿಂಗ್ ಬಳಸಿ. ನಿಮ್ಮ ಫೋನು ಮತ್ತು ಹೋಟೆಲಿನ ಫೋನು ಬೇರೆ ಬೇರೆ ಕಂಪನಿಯಲ್ಲಿರಲಿ. ಅಮ್ಮನ ಸಿಮ್ಮನ್ನು ಮಾತ್ರ ಮುಟ್ಟಬೇಡಿ.