ವಿಕಿಪೀಡಿಯದ ಕಾವಲಿಗೆ ಹೊರಟವನಿಗೆ

ವಿಕಿಪೀಡಿಯದ ತಪ್ಪು, ನಕಲು, ಪಕ್ಷಪಾತಗಳನ್ನು ಹುಡುಕಿ ಬಯಲಿಗೆಳೆಯುವ ಗುಂಪು ಸೇರಿಕೊಂಡಿದ್ದೀಯಂತೆ. ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಓದೋದು ಬಿಟ್ಟು ಊರವರ ತಪ್ಪು ಹುಡುಕ್ತಾ ಕೂತಿದ್ದಾನೆ, ನೀನಾದರೂ ಸ್ವಲ್ಪ ಬುದ್ಧಿ ಹೇಳಣ್ಣ ಎಂದ. ಬಿಟ್ಟುಬಿಡು ಅನ್ನೋದಕ್ಕೆ ನಾನು ಇದನ್ನು ಬರೆಯುತ್ತಿಲ್ಲ ಮಗು. ಜೀವಮಾನವೆಲ್ಲ ಪ್ರೆಸ್ಸಿನಲ್ಲಿ ಕರಡು ತಿದ್ದಿದ ನಿನ್ನ ದೊಡ್ಡಪ್ಪ ತಪ್ಪು ಹುಡುಕುವವನ ಕೈ ತಡೆದರೆ ಉಂಡ ಅನ್ನ ಮೈಗೆ ಹತ್ತೀತೆ? ಆದರೆ ನಿಮ್ಮ ಗುಂಪಿನವರು ಕನ್ನಡ ವಿಕಿಪೀಡಿಯದ ಒಬ್ಬ ಸಂಪಾದಕನ ನಿಜವಾದ ಹೆಸರು, ಕೆಲಸ ಮಾಡುವ ಜಾಗ ಎಲ್ಲ ಪತ್ತೆ ಮಾಡಿದ್ದಾರೆ, ಇನ್ನು ಪ್ರಕಟಿಸುವುದೊಂದೇ ಬಾಕಿ ಎಂದೂ ಕೇಳಿದೆ. ಅಲ್ಲಿ ಒಂದು ನಿಮಿಷ ನಿಲ್ಲು.

ನೀವು ಹಿಡಿದ ಕೆಲಸ ಬೇಕೇ ಬೇಕು. ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದು ಪಣಜಿಗೆ ಹೋಗುವ ದಾರಿಯಲ್ಲಿ ಬಿಚೋಲಿಮ್ ಅಂತ ಊರು ಸಿಗುತ್ತದಲ್ಲ, ಆ ಊರಿನ ಹೆಸರಿನಲ್ಲಿ 1640-41ರಲ್ಲಿ ಪೋರ್ಚುಗೀಸರಿಗೂ ಮರಾಠಾ ಸಾಮ್ರಾಜ್ಯಕ್ಕೂ ಯುದ್ಧ ನಡೆಯಿತು ಎಂದು 2007ರಲ್ಲಿ ಯಾರೋ ಇಂಗ್ಲಿಷ್ ವಿಕಿಪೀಡಿಯದಲ್ಲಿ ಉದ್ದನೆಯ ಲೇಖನ ಬರೆದರು. ಕಾರಣ, ಕದನ, ಒಪ್ಪಂದ ಎಲ್ಲವೂ ಇದ್ದವು. ಕೆಲವೇ ತಿಂಗಳಲ್ಲಿ ಅದಕ್ಕೆ 'ಒಳ್ಳೆಯ ಲೇಖನ' ಎಂಬ ಮನ್ನಣೆಯೂ ಸಿಕ್ಕಿತು. ಐದು ವರ್ಷ ಹಾಗೇ ಇತ್ತು. ಅಂಥ ಯುದ್ಧ ನಡೆದೇ ಇರಲಿಲ್ಲ. ಆ ಹೊತ್ತಿಗೆ ಶಿವಾಜಿ ಇನ್ನೂ ಹುಡುಗ, ಮರಾಠಾ ಸಾಮ್ರಾಜ್ಯ ಎಲ್ಲಿಂದ ಬರಬೇಕು? ಹೈಸ್ಕೂಲು ಇತಿಹಾಸ ನೆನಪಿದ್ದವನಿಗೂ ಹೊಳೆಯಬೇಕಾದ ಮಾತು. ಅಡಿಟಿಪ್ಪಣಿಗಳ ಸಾಲು ನೋಡಿಯೇ ಎಲ್ಲರೂ ತಲೆಯಾಡಿಸಿದ್ದರು.

ಕೊನೆಗೆ ಒಬ್ಬ ಸಂಪಾದಕ ಆ ಅಡಿಟಿಪ್ಪಣಿಯ ಪುಸ್ತಕಗಳನ್ನು ಹುಡುಕಲು ಹೋದ. ಪುಸ್ತಕಗಳೇ ಇರಲಿಲ್ಲ. 2012ರ ಡಿಸೆಂಬರಿನಲ್ಲಿ ಲೇಖನ ಅಳಿಸಿಹೋಯಿತು. ಬರೆದವನ ಊರು, ಕುಲ, ಗೋತ್ರ ಯಾರಿಗೂ ಬೇಕಾಗಲಿಲ್ಲ. ಈ ಕೆಲಸದ ಮುಕ್ಕಾಲು ಪಾಲು ಇಷ್ಟೇ ಕಣಪ್ಪ: ಉಲ್ಲೇಖ ಅಂತ ಕೊಟ್ಟ ಪುಸ್ತಕವನ್ನು ಕೈಗೆತ್ತಿಕೊಂಡು ಆ ಪುಟ ತೆಗೆದು ನೋಡುವುದು. ನಮ್ಮಲ್ಲಂತೂ ಇದಕ್ಕೆ ಅಡ್ಡದಾರಿ ಇಲ್ಲ. ಹಳೆಯ ಕನ್ನಡ ಪುಸ್ತಕಗಳು ಎಷ್ಟೋ ಇನ್ನೂ ಇಂಟರ್ನೆಟ್ಟಿಗೆ ಬಂದಿಲ್ಲ. ಜಿಲ್ಲಾ ಗ್ರಂಥಾಲಯದಲ್ಲಿ ಧೂಳು ಕುಡಿಯಬೇಕು. ನಿಮ್ಮ ಗುಂಪಿನಲ್ಲಿ ಎಷ್ಟು ಜನಕ್ಕೆ ಗ್ರಂಥಾಲಯದ ಕಾರ್ಡು ಇದೆ? ಸುಮ್ಮನೆ ಕೇಳಿದೆ.

ವಿಕಿಪೀಡಿಯಕ್ಕೆ ಕಾವಲು ನಿಂತ ಮೊದಲಿಗರಲ್ಲಿ ಅಮೆರಿಕದ ಡೇನಿಯಲ್ ಬ್ರ್ಯಾಂಟ್ ಒಬ್ಬ. ತನ್ನ ಬಗ್ಗೆಯೇ ಅಲ್ಲಿ ಲೇಖನ ಬಂತು, ತೆಗೆಯಿರಿ ಎಂದರೆ ತೆಗೆಯಲಿಲ್ಲ, ಆ ಸಿಟ್ಟಿನಿಂದ ಶುರು ಮಾಡಿದವನು. ಸಿಟ್ಟಿನಿಂದ ಶುರುವಾದದ್ದೆಲ್ಲ ಸುಳ್ಳಾಗಬೇಕಿಲ್ಲ. ನೊಂದವನ ಕಣ್ಣು ಚೂಪು. 2006ರಲ್ಲಿ ಆತ ಸಾವಿರಾರು ವ್ಯಕ್ತಿಪರಿಚಯಗಳನ್ನು ಜಾಲಾಡಿ, 142 ಲೇಖನಗಳಲ್ಲಿ ಬೇರೆ ಕಡೆಯಿಂದ ಎತ್ತಿದ ಸಾಲುಗಳಿವೆ ಎಂದು ಪಟ್ಟಿ ಕೊಟ್ಟ. ಸಂಪಾದಕರು ಪರಿಶೀಲಿಸಿದಾಗ ಬಹುಪಾಲು ನಿಜವೇ ಆಗಿತ್ತು. ಕೆಲವು ಮಾತ್ರ ಬೇರೆ ಕಥೆ ಹೇಳಿದವು: ಸಾಲುಗಳು ಹಕ್ಕುಸ್ವಾಮ್ಯ ಮುಗಿದ ಮೂಲದವು, ಇಲ್ಲವೇ ಆ ಇನ್ನೊಂದು ಕಡೆಯವರೇ ವಿಕಿಪೀಡಿಯದಿಂದ ಕದ್ದಿದ್ದರು. ಆದ್ದರಿಂದ ಎರಡು ಕಡೆ ಒಂದೇ ವಾಕ್ಯ ಕಂಡ ಕೂಡಲೇ ಕಳ್ಳ ಸಿಕ್ಕಿದ ಎಂದು ಕುಣಿಯಬೇಡ. 'ಇತಿಹಾಸ' ಒತ್ತಿ, ಆ ವಾಕ್ಯ ಒಳಗೆ ಬಂದ ದಿನ ಯಾವುದು ನೋಡು. ಅದೇ ವಾಕ್ಯ ಇರುವ ಪತ್ರಿಕೆಯ ಬರಹ ಅದಕ್ಕಿಂತ ಹಿಂದಿನದೋ ಮುಂದಿನದೋ ನೋಡು. ಮುಂದಿನದಾಗಿದ್ದರೆ ಪತ್ರಿಕೆಯೇ ವಿಕಿಪೀಡಿಯ ನೋಡಿ ಬರೆದಿರಬಹುದು. ಆಮೇಲೆ ಯಾರೋ ಅದೇ ಪತ್ರಿಕೆಯನ್ನು ಉಲ್ಲೇಖವಾಗಿ ಅಂಟಿಸಿರಬಹುದು. ಹಾಗಾದಾಗ ಸುಳ್ಳೇ ಸುಳ್ಳಿಗೆ ಜಾಮೀನು ನಿಂತಂತೆ.

ಇನ್ನು ಹೆಸರಿನ ವಿಷಯ. 2005ರಲ್ಲಿ ಜಾನ್ ಸೀಗೆಂಥಾಲರ್ ಎಂಬ ಹಿರಿಯ ಪತ್ರಕರ್ತರ ಲೇಖನದಲ್ಲಿ ಒಂದು ಸಾಲು ಸೇರಿತು. ಕೆನಡಿ ಸೋದರರಿಬ್ಬರ ಹತ್ಯೆಯಲ್ಲಿ ಅವರ ಕೈವಾಡವಿತ್ತೆಂಬ ಅನುಮಾನ ಹಿಂದೆ ಇತ್ತಂತೆ! ರಾಬರ್ಟ್ ಕೆನಡಿಯ ಹತ್ತಿರ ಕೆಲಸ ಮಾಡಿ, ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟ ಮನುಷ್ಯನ ಮೇಲೆ ಈ ಮಾತು. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅದು ಹಾಗೇ ಇತ್ತು. ಬರೆದವನ ಜಾಡು ಹಿಡಿದವನು ಇದೇ ಬ್ರ್ಯಾಂಟ್. ಐಪಿ ವಿಳಾಸ ಹಿಡಿದು ಹೋದರೆ ಅದು ನ್ಯಾಶ್‌ವಿಲ್‌ನ ಒಂದು ಸಣ್ಣ ಕೊರಿಯರ್ ಕಂಪನಿಗೆ ಹೋಗಿ ನಿಂತಿತು. ಜೊತೆ ಕೆಲಸದವನಿಗೆ ತಮಾಷೆ ಮಾಡಲು ಬರೆದೆ ಎಂದು ಅಲ್ಲಿಯ ಒಬ್ಬ ಕ್ಷಮೆ ಕೇಳಿದ, ಕೆಲಸ ಬಿಟ್ಟ. ಆಗ ಸೀಗೆಂಥಾಲರ್ ಏನು ಮಾಡಿದರು ಗೊತ್ತೆ? ಅವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಅವನ ಯಜಮಾನರನ್ನು ಕೇಳಿಕೊಂಡರು. ಅವರ ಸಿಟ್ಟೆಲ್ಲ ಇದ್ದದ್ದು ಇಂಥ ಸಾಲು ತಿಂಗಳುಗಟ್ಟಲೆ ಉಳಿಯಲು ಬಿಟ್ಟ ವ್ಯವಸ್ಥೆಯ ಮೇಲೆ. ಆ ಡಿಸೆಂಬರಿನಲ್ಲೇ ಇಂಗ್ಲಿಷ್ ವಿಕಿಪೀಡಿಯದಲ್ಲಿ ಖಾತೆ ಇಲ್ಲದವರು ಹೊಸ ಲೇಖನ ಶುರುಮಾಡುವುದು ನಿಂತಿತು. ಬದುಕಿರುವವರ ಬಗ್ಗೆ ಬರೆಯುವ ನಿಯಮ ಬಿಗಿಯಾಯಿತು. ಗೆಲುವು ಅದು. ಒಬ್ಬ ಕೊರಿಯರ್ ನೌಕರನ ಕೆಲಸ ಹೋಗಿದ್ದರಿಂದ ಯಾರಿಗೆ ಏನು ಸಿಕ್ಕಿತು?

ಹಾಗಂತ ಹೆಸರು ಯಾವತ್ತೂ ಹೊರಗೆ ಬರಬಾರದು ಅನ್ನುವವನೂ ನಾನಲ್ಲ. 'ಎಸ್ಜೆ' ಎಂಬ ಖಾತೆಯವನು ತಾನು ದೇವತಾಶಾಸ್ತ್ರದ ಪ್ರೊಫೆಸರ್ ಎಂದುಕೊಂಡು 'ನ್ಯೂಯಾರ್ಕರ್' ಪತ್ರಿಕೆಯಲ್ಲೂ ಹಾಗೇ ಮೆರೆದ. 2007ರಲ್ಲಿ ನೋಡಿದರೆ ಇಪ್ಪತ್ನಾಲ್ಕು ವರ್ಷದ, ಡಾಕ್ಟರೇಟೇ ಇಲ್ಲದ ಹುಡುಗ. ಅವನು ಆ ಪಾಂಡಿತ್ಯದ ಬಲದಿಂದಲೇ ಚರ್ಚೆಗಳಲ್ಲಿ ಬೇರೆಯವರ ಬಾಯಿ ಮುಚ್ಚಿಸಿದ್ದ. ಮುಖ ಮುಚ್ಚಿಕೊಳ್ಳುವುದಕ್ಕೂ ಸುಳ್ಳು ಮುಖ ಹಾಕಿಕೊಂಡು ಅಧಿಕಾರ ನಡೆಸುವುದಕ್ಕೂ ವ್ಯತ್ಯಾಸ ಇದೆ. ನಿಮ್ಮ ಕೈಗೆ ಸಿಕ್ಕಿರುವವನು ಎರಡರಲ್ಲಿ ಯಾವುದು? ಗುಂಪಿನಲ್ಲಿ ಈ ಪ್ರಶ್ನೆ ಎತ್ತು.

ನಮ್ಮ ದೇಶದ್ದೇ ಕಥೆ ಇನ್ನೊಂದಿದೆ. ಐಐಪಿಎಂ ಎಂಬ ಮ್ಯಾನೇಜ್‌ಮೆಂಟ್ ಸಂಸ್ಥೆಯ ಪುಟಪೂರ್ತಿ ಜಾಹೀರಾತು ನೀನು ನೋಡಿರಲಾರೆ, ನಿಮ್ಮಣ್ಣನ ಓರಗೆಯವರಿಗೆ ಚೆನ್ನಾಗಿ ಗೊತ್ತು. ಬೆಂಗಳೂರಿನಲ್ಲೂ ಅದರ ಕ್ಯಾಂಪಸ್ ಇತ್ತು, ಹುಡುಗರು ಲಕ್ಷಗಟ್ಟಲೆ ಕಟ್ಟಿ ಸೇರುತ್ತಿದ್ದರು. 2014ರಲ್ಲಿ ದೆಹಲಿ ಹೈಕೋರ್ಟು ಎಂಬಿಎ, ಬಿಬಿಎ ಎಂಬ ಪದಗಳನ್ನೇ ಬಳಸದಂತೆ ಅದಕ್ಕೆ ತಡೆ ಹಾಕಿತು. ಅಲ್ಲಿಯವರೆಗೆ ವಿಕಿಪೀಡಿಯದಲ್ಲಿ 'ವೈಫೈಒನ್' ಎಂಬ ಖಾತೆ, ಅದೂ ನಿರ್ವಾಹಕ ಹಕ್ಕಿದ್ದ ಖಾತೆ, ಆ ಸಂಸ್ಥೆಯ ಲೇಖನದಿಂದ ಟೀಕೆಗಳನ್ನು ವರ್ಷಗಟ್ಟಲೆ ಸವರುತ್ತಾ, ಹೊಗಳಿಕೆ ತುಂಬುತ್ತಾ ಬಂದಿತ್ತು. 'ವಿಕಿಪೀಡಿಯಾಕ್ರಸಿ'ಯಂಥ ಟೀಕಾಕಾರರ ಬಳಗವೂ ಒಳಗಿನ ಕೆಲವು ಸಂಪಾದಕರೂ ಬೆನ್ನು ಬಿಡದೆ ಒಂದೊಂದು ತಿದ್ದುಪಡಿಯನ್ನೂ ಪೋಣಿಸಿಟ್ಟರು. 2015ರ ಫೆಬ್ರವರಿಯಲ್ಲಿ ವಿಕಿಪೀಡಿಯದ ಮಧ್ಯಸ್ಥಿಕೆ ಸಮಿತಿ ಆ ಖಾತೆಯನ್ನು ನಿಷೇಧಿಸಿತು. ಗಮನಿಸು, ಆ ಖಾತೆಯ ಹಿಂದಿದ್ದ ಮನುಷ್ಯ ಯಾರು ಎಂದು ಸಮಿತಿ ಹೆಸರಿಸಲಿಲ್ಲ. ಹೆಸರಿಸುವ ಅಗತ್ಯವೂ ಬೀಳಲಿಲ್ಲ. ಯಾವ ದಿನ ಯಾವ ಸಾಲು ತೆಗೆದ, ಯಾವುದನ್ನು ಸೇರಿಸಿದ ಎಂಬ ಪಟ್ಟಿಯೇ ಸಾಕ್ಷಿ ನುಡಿಯಿತು. ನನಗೆ ಈ ಎಲ್ಲ ಕಥೆಗಳಲ್ಲಿ ಹೆಚ್ಚು ಹಿಡಿಸಿದ್ದು ಇದು. ಒಂದೇ ಬೇಸರ, ಅಷ್ಟು ತಡವಾದದ್ದು.

ನಮ್ಮಲ್ಲಿ ಹೆಸರು ಹೊರಬಿದ್ದರೆ ಏನಾಗುತ್ತದೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. 2024ರಲ್ಲಿ ಎಎನ್‌ಐ ಸುದ್ದಿಸಂಸ್ಥೆ ವಿಕಿಪೀಡಿಯದ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಮೂವರು ಸಂಪಾದಕರ ವಿವರ ಕೊಡಿ ಎಂದು ದೆಹಲಿ ಹೈಕೋರ್ಟು ಕೇಳಿದಾಗ ಎಷ್ಟು ಜನ ನಿದ್ದೆಗೆಟ್ಟಿರಬೇಕು! ಕೋರ್ಟಿಗಾದರೂ ಒಂದು ಕ್ರಮ, ಮೇಲ್ಮನವಿ ಅಂತ ಇರುತ್ತದೆ. ವಾಟ್ಸ್ಆ್ಯಪ್ ಗುಂಪಿಗೆ ಅದೆಲ್ಲ ಎಲ್ಲಿದೆ? ನೀನು ಹೆಸರು ಹಾಕುವುದು ಒಂದು ಸಲ. ಅದು ಜಾತಿ, ಪಕ್ಷ, ಊರು ಹುಡುಕಿಕೊಂಡು ಎಲ್ಲೆಲ್ಲಿಗೆ ಹೋಗುತ್ತದೋ, ನಿನ್ನ ಕೈಯಲ್ಲಿರುವುದಿಲ್ಲ.

ಬಯಲು ಮಾಡಿದ ಮೇಲೆ ಏನು ಎಂಬುದಕ್ಕೂ ಒಂದು ಕಥೆ ಇದೆ. 2020ರ ಆಗಸ್ಟಿನಲ್ಲಿ ಸ್ಕಾಟ್ಸ್ ಭಾಷೆಯ ವಿಕಿಪೀಡಿಯದ ಗುಟ್ಟು ಬಯಲಾಯಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಲೇಖನ ಬರೆದವನು ಆ ಭಾಷೆಯೇ ಬಾರದ ಒಬ್ಬ ಅಮೆರಿಕನ್ ಹುಡುಗ. ಇಂಗ್ಲಿಷ್ ವಾಕ್ಯ ಇಟ್ಟುಕೊಂಡು, ನಿಘಂಟು ನೋಡಿ ನಡುನಡುವೆ ಪದ ಬದಲಿಸಿದ್ದ. ಶುರು ಮಾಡಿದಾಗ ಅವನಿಗೆ ಹನ್ನೆರಡು ವರ್ಷ, ಒಳ್ಳೆಯದು ಮಾಡುತ್ತಿದ್ದೇನೆ ಎಂದೇ ನಂಬಿದ್ದ. ಬಯಲು ಮಾಡಿದ್ದು ಸರಿ, ಒಂದು ಭಾಷೆಯ ಮಾನದ ಪ್ರಶ್ನೆ ಅದು. ಆದರೆ ಆ ಹುಡುಗನ ಮೇಲೆ ಬಿದ್ದ ಬೈಗುಳದಿಂದ ಒಂದು ವಾಕ್ಯವೂ ಸರಿಹೋಗಲಿಲ್ಲ. ಆಮೇಲೆ ಆ ಭಾಷೆಯವರೇ ಸೇರಿ ಕೂತು ತಿದ್ದಲು ತೊಡಗಿದಾಗ ಒಂದಿಷ್ಟು ಸರಿಹೋಯಿತು.

ನಮ್ಮ ಮನೆಯಲ್ಲೂ ಅಂಥ ಕಸ ಇದೆ. 2010ರ ಆಸುಪಾಸಿನಲ್ಲಿ ಗೂಗಲ್ ಕಂಪನಿ ತನ್ನ ಅನುವಾದದ ಉಪಕರಣ ಹಿಡಿದು, ಸಂಬಳದ ಅನುವಾದಕರನ್ನು ಇಟ್ಟು, ಇಂಗ್ಲಿಷ್ ಲೇಖನಗಳನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳ ವಿಕಿಪೀಡಿಯಕ್ಕೆ ಸುರಿಯಿತು. ಬಂಗಾಳಿಗಳು ಬೇಡವೆಂದು ಬಾಗಿಲು ಹಾಕಿದರು, ತಮಿಳರು ಷರತ್ತು ಹಾಕಿದರು. ಕನ್ನಡದಲ್ಲಿ ಆಗ ಸೇರಿದ ಎಷ್ಟೋ ಲೇಖನಗಳ ವಾಕ್ಯಗಳಲ್ಲಿ ಕರ್ತೃ ಒಂದು ಕಡೆ, ಕ್ರಿಯಾಪದ ಇನ್ನೊಂದು ಕಡೆ. ಓದಿದರೆ ಹಲ್ಲಿಗೆ ಕಲ್ಲು ಸಿಕ್ಕ ಹಾಗೆ. ಇದನ್ನು ಬಯಲು ಮಾಡಲು ಯಾರ ಹೆಸರೂ ಬೇಡ. ಪೆನ್ಸಿಲ್ ಹಿಡಿದು ಕೂರುವ ಹುಡುಗರು ಬೇಕು.

ಈಗ ನಿಮ್ಮ ಆ ಸಂಪಾದಕನ ವಿಷಯ. ಅವನು ಯಾರದೋ ದುಡ್ಡಿಗೆ ಬರೆಯುತ್ತಿದ್ದಾನೆ ಎಂಬ ಅನುಮಾನ ನಿಮಗೆ ಗಟ್ಟಿಯಾಗಿದ್ದರೆ, ಅವನ ತಿದ್ದುಪಡಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಮೂಲ ಪುಸ್ತಕದ ಪುಟಸಂಖ್ಯೆ ಸಮೇತ ಆ ಲೇಖನದ ಚರ್ಚೆಪುಟದಲ್ಲಿ ಹಾಕಿ. ಅವನು ಉತ್ತರ ಕೊಡಲಿ. ಕೊಡದಿದ್ದರೆ ಕನ್ನಡ ವಿಕಿಪೀಡಿಯದವರು ಎಲ್ಲ ಸೇರಿ ಚರ್ಚಿಸುವ ಅರಳಿಕಟ್ಟೆಗೆ ತನ್ನಿ, ನಿರ್ವಾಹಕರನ್ನು ಕೇಳಿ. ಅವರಿಗೂ ಸಂಬಳ ಇಲ್ಲ, ಮನೆ-ಕಚೇರಿ ಮುಗಿಸಿ ಬಂದು ಕೂರುವವರು, ಒಂದೆರಡು ವಾರ ತಡವಾದರೆ ಕೂಗಾಡಬೇಡಿ. ಖಾತೆಯ ಹೆಸರು ಬರೆಯಿರಿ, ಮನುಷ್ಯನ ಹೆಸರು, ಕಚೇರಿ, ಫೋಟೋ ಯಾವುದೂ ಬೇಡ. ಈಗಾಗಲೇ ಆ ವಿವರ ಯಾರ ಫೋನಿನಲ್ಲಿದೆಯೋ ಅವರಿಂದ ಅಳಿಸಿಸು. ಗುಂಪಿನವರು ಒಪ್ಪದಿದ್ದರೆ, ದೊಡ್ಡಪ್ಪ ಗಲಾಟೆ ಮಾಡಿದರು ಅಂತ ನನ್ನ ಮೇಲೆ ಹಾಕು. ಭಾನುವಾರ ಬಂದರೆ ಆ ಲೇಖನದ ಉಲ್ಲೇಖಗಳನ್ನು ಒಟ್ಟಿಗೆ ಕೂತು ನೋಡೋಣ, ಅದರಲ್ಲಿ ಹೇಳಿರುವ ಎರಡು ಪುಸ್ತಕ ನನ್ನ ಬೀರುವಿನಲ್ಲೇ ಇವೆ.