ಸಾಗರ ಕಂಪನ ಸಮೀಕ್ಷೆಯಲ್ಲಿ ‘ಘೋಸ್ಟ್’ ನಿವಾರಣೆ

ಸಮುದ್ರದಡಿಯ ತೈಲ ಮತ್ತು ಅನಿಲ ನಿಕ್ಷೇಪಗಳ ಶೋಧದಲ್ಲಿ ಸಮೀಕ್ಷಾ ಹಡಗು ಅಧಿಕ ಒತ್ತಡದ ಗಾಳಿಯನ್ನು ಏರ್‌ಗನ್‌ನಿಂದ ನೀರಿಗೆ ಚಿಮ್ಮಿಸಿ ಧ್ವನಿತರಂಗಗಳನ್ನು ಎಬ್ಬಿಸುತ್ತದೆ. ಶಿಲಾಪದರಗಳಿಂದ ಪ್ರತಿಫಲಿಸಿ ಮೇಲೇರುವ ಈ ತರಂಗಗಳನ್ನು, ಹಡಗಿನ ಹಿಂದೆ ಹಲವು ಕಿಲೋಮೀಟರ್ ಉದ್ದಕ್ಕೆ ಎಳೆಯಲಾಗುವ ‘ಸ್ಟ್ರೀಮರ್’ ಎಂಬ ಕೇಬಲ್‌ನಲ್ಲಿರುವ ಹೈಡ್ರೋಫೋನ್‌ಗಳು, ಅಂದರೆ ನೀರಿನ ಒತ್ತಡದ ಏರಿಳಿತವನ್ನು ಗ್ರಹಿಸುವ ಸಂವೇದಕಗಳು, ದಾಖಲಿಸುತ್ತವೆ. ಆದರೆ ಅದೇ ತರಂಗ ಇನ್ನೂ ಮೇಲೇರಿ ಸಮುದ್ರದ ಮೇಲ್ಮೈಗೆ ತಾಗಿ, ಒತ್ತಡದ ಏರು ಇಳಿತವಾಗಿ ತಲೆಕೆಳಗಾಗಿ, ಬಹುಮಟ್ಟಿಗೆ ಪೂರ್ಣಬಲದಿಂದಲೇ ಹಿಂದಿರುಗುತ್ತದೆ. ಈ ಎರಡನೆಯ ಆಗಮನವೇ ‘ಘೋಸ್ಟ್’.

ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್ ಆಗಿರುವುದರಿಂದ, ಸ್ಟ್ರೀಮರ್ 7.5 ಮೀಟರ್ ಆಳದಲ್ಲಿದ್ದರೆ ನೇರವಾಗಿ ಮೇಲೇರಿದ ತರಂಗದ ಘೋಸ್ಟ್ 10 ಮಿಲಿಸೆಕೆಂಡ್ ತಡವಾಗಿ ಬಂದು 100 ಹರ್ಟ್ಸ್ ಆವೃತ್ತಿಯನ್ನು ಅಳಿಸುತ್ತದೆ. ಆಳ 15 ಮೀಟರ್ ಆದರೆ ‘ನಾಚ್’ ಎನ್ನಲಾಗುವ ಈ ನಷ್ಟ 50 ಹರ್ಟ್ಸ್‌ಗೆ ಇಳಿಯುತ್ತದೆ. ವೇಗವನ್ನು ಆಳದ ಎರಡರಷ್ಟರಿಂದ ಭಾಗಿಸಿದರೆ ಈ ಸಂಖ್ಯೆ ದೊರೆಯುತ್ತದೆ. ಕೇಬಲನ್ನು ಮೇಲಕ್ಕೆತ್ತಿದರೆ ಅಲೆಗಳ ಗದ್ದಲ ಹೆಚ್ಚುವುದಲ್ಲದೆ ಕೆಳ ಆವೃತ್ತಿಗಳೂ ಕ್ಷೀಣಿಸುತ್ತವೆ.

ಈ ಇಕ್ಕಟ್ಟಿಗೆ ಅತ್ಯಂತ ಸೊಗಸಾದ ಪರಿಹಾರವೆಂದರೆ, 2007ರಲ್ಲಿ ನಾರ್ವೆಯ ಪಿಜಿಎಸ್ ಸಂಸ್ಥೆ ಬಳಕೆಗೆ ತಂದ ಜೋಡಿ ಸಂವೇದಕದ ಸ್ಟ್ರೀಮರ್: ಒತ್ತಡದ ಜೊತೆಗೆ ನೀರಿನ ಕಣಗಳ ಲಂಬ ವೇಗವನ್ನೂ ಅಳೆಯುವ ಈ ವಿಧಾನದಲ್ಲಿ, ಎರಡೂ ದಾಖಲೆಗಳಲ್ಲಿ ಘೋಸ್ಟ್‌ನ ಚಿಹ್ನೆ ಪರಸ್ಪರ ವಿರುದ್ಧವಾಗಿರುವ ಕಾರಣ, ಅವುಗಳನ್ನು ಸೂಕ್ತ ಪ್ರಮಾಣದಲ್ಲಿ ಕೂಡಿಸಿದಾಗ ಘೋಸ್ಟ್ ಕಳೆದುಹೋಗಿ ಮೇಲ್ಮುಖ ತರಂಗ ಮಾತ್ರ ಉಳಿಯುತ್ತದೆ. ಹೀಗೆ ಮರಳಿ ದೊರೆಯುವ ಕೆಳ ಆವೃತ್ತಿಗಳು ಗಟ್ಟಿ ಶಿಲೆಯನ್ನು ಹೆಚ್ಚು ಆಳಕ್ಕೆ ಭೇದಿಸಬಲ್ಲವು. ಕೇರಳ–ಕೊಂಕಣ ಕಡಲಾಚೆಯ ಜಲಾನಯನದಲ್ಲಿ ದಖನ್ ಬಸಾಲ್ಟ್ ಹಾಸಿನ ಕೆಳಗಿನ ಪದರಗಳನ್ನು ಕಾಣಲು ಬೇಕಾಗುವುದು ಇವೇ ಆವೃತ್ತಿಗಳು.